ಅಂಬಪ್ಪನ ಪುಸ್ತಕದ ಕೆಂಪು ಚುಕ್ಕಿ

ಕನಕರಾಯನ ನೀರಿನ ಮೋಟಾರು ಅಂಬಪ್ಪನ ವೈಂಡಿಂಗ್ ಅಂಗಡಿಯ ಮುಂದೆ ಇಳಿದಾಗ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಮೋಟಾರಿಗಿಂತ ಮೊದಲು ಅದರ ವಾಸನೆ ಒಳಗೆ ಬಂತು. ಸುಟ್ಟ ವಾರ್ನಿಷಿನ ಆ ವಾಸನೆ ಸುಕನ್ಯಾಗೆ ಆರು ವರ್ಷದಿಂದ ರೂಢಿಯಾಗಿತ್ತು. ಅವಳು ತಲೆ ಎತ್ತಲಿಲ್ಲ. ಮೂಲೆಯ ಚಾಪೆಯ ಮೇಲೆ ಕೂತು, ಕೈಯಿಂದ ಹಿಡಿಕೆ ತಿರುಗಿಸುತ್ತ, ಕಟ್ಟಿಗೆಯ ಅಚ್ಚಿನ ಮೇಲೆ ತಾಮ್ರದ ತಂತಿ ಸುತ್ತುತ್ತಿದ್ದಳು. ಹದಿನೇಳು, ಹದಿನೆಂಟು, ಹತ್ತೊಂಬತ್ತು. ಮಂದಿ ಎಷ್ಟೇ ಗದ್ದಲ ಮಾಡಲಿ, ಅವಳ ಎಣಿಕೆ ಎಂದೂ ತಪ್ಪಿದ್ದಿಲ್ಲ.

"ಏನ್ ಅಂಬಣ್ಣ, ಹೋದ ವರ್ಷ ಕಟ್ಟಿಕೊಟ್ಟಿ, ಈಗ ನೋಡು, ಎರಡ ದಿನದಾಗ ಕರಕಾತು!" ಕನಕರಾಯ ಸಾಲಗುಂದದ ರೈತ. ಬಾಯಿ ಜೋರು.

"ಒಂದ್ ವರ್ಷ ಓಡಿದ್ದು ಎರಡ ದಿನದಾಗ ಹೆಂಗ ಸುಟ್ಟೀತಲೇ? ಎಲ್ಲಿ ಹಚ್ಚಿದ್ದಿ ಅದನ್ನ ಹೇಳು ಮೊದಲು," ಅಂದ ಅಂಬಪ್ಪ.

"ಸಾಲಗುಂದದಾಗ ಸುಮ್ನ ಓಡ್ತಿತ್ತು. ಮೊನ್ನೆ ಮಸ್ಕಿ ಕಡೆ ನಮ್ಮ ತಮ್ಮನ ಹೊಲಕ್ಕ ಒಯ್ದಿದ್ದೆ. ಅಲ್ಲಿ ಹೊಸ ಟಿಸಿ ಕುಂದರಿಸ್ಯಾರ, ದೊಡ್ಡ ಟ್ರಾನ್ಸ್‌ಫಾರ್ಮರ್. ಕರೆಂಟು ಅಂದ್ರ ಹುಲಿ ಇದ್ದಂಗ ಐತಿ."

ಅಂಬಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಹುಲಿ ಐತಿ ಅಂತ ಗೊತ್ತಿದ್ದೂ ಕುರಿ ಒಯ್ದು ಕಟ್ಟೀಯಲ್ಲೋ! ಇದು ನಿಮ್ಮೂರಿನ ಸತ್ತ ಕರೆಂಟಿಗಂತ ಕಟ್ಟಿದ ಮೋಟಾರು. ಲೈನಿನ ತುದಿಯಾಗ ಅದೀರಿ. ಎಲ್ಲರೂ ಒಮ್ಮೆಲೆ ಮೋಟಾರು ಹಚ್ಚಿದ್ರ ನಾನೂರರ ಮ್ಯಾಲೆ ಬರಬೇಕಾದಲ್ಲಿ ಮುನ್ನೂರಾ ಐವತ್ತು ವೋಲ್ಟೂ ಬರಂಗಿಲ್ಲ. ಅದಕ್ಕ ಸುತ್ತು ಕಡಿಮಿ ಹಾಕೀನಿ. ಸುತ್ತು ಕಡಿಮಿ ಇದ್ರ ಅಷ್ಟರಾಗೂ ನೀರು ಎಳೀತದ. ಅದನ್ನ ಒಯ್ದು ಪೂರಾ ಕರೆಂಟಿಗೆ ಹಚ್ಚಿದ್ರ ಒಂದು ತಾಸು ತಡದೀತು, ಎರಡು ತಾಸು ತಡೀಲಾರದು."

"ಇದನ್ನ ಮೊದಲ ಹೇಳಬಾರದೇನು?"

"ಎಲ್ಲಾ ಹೇಳಿದ್ರ ನೀನಾ ಅಂಗಡಿ ಇಡ್ತೀ." ಅಂಬಪ್ಪ ತನ್ನ ಕಪ್ಪು ರಟ್ಟಿನ ಪುಸ್ತಕ ತೆಗೆದು, ಹೆಬ್ಬೆರಳಿನಿಂದ ಹಾಳೆ ಸರಿಸಿ ತೋರಿಸಿದ. "ನೋಡು, ನಿನ್ನ ಮೋಟಾರು. ಇಪ್ಪತ್ತೆಂಟು ಸುತ್ತು. ಬಾಜುಕ ಕೆಂಪು ಚುಕ್ಕಿ. ಚುಕ್ಕಿ ಅಂದ್ರ ಕಡಿಮಿ ಕರೆಂಟಿಂದು. ಈ ಗುಟ್ಟು ಇಡೀ ಸಿಂಧನೂರಾಗ ಯಾರಿಗೂ ಗೊತ್ತಿಲ್ಲ."

ಸುಕನ್ಯಾಳ ಕೈ ನಿಂತಿತು. ಎಷ್ಟು ಸುತ್ತಾಗಿತ್ತು ಎಂಬುದು ಅವಳಿಗೆ ನೆನಪಾಗಲಿಲ್ಲ.

ಆ ಚುಕ್ಕಿಗಳನ್ನು ಅವಳು ಆರು ವರ್ಷದಿಂದ ನೋಡಿದ್ದಳು. ಎಂಟನೇ ತರಗತಿಗೆ ಶಾಲೆ ಬಿಟ್ಟು ಸೋದರಮಾವ ಅಂಬಪ್ಪನ ಅಂಗಡಿಗೆ ಬಂದವಳು. ಮಾಮ ಏನನ್ನೂ ಹೇಳಿಕೊಡುತ್ತಿರಲಿಲ್ಲ. ಅವಳು ನೋಡಿ ನೋಡಿಯೇ ಕಲಿತಿದ್ದಳು. ಪುಸ್ತಕ ತೆರೆದಿದ್ದಾಗ ಕಣ್ಣು ಹಾಯಿಸಿ ಲೆಕ್ಕ ಬಾಯಿಪಾಠ ಮಾಡಿಕೊಳ್ಳುತ್ತಿದ್ದಳು. ಚುಕ್ಕಿ ಅಂದರೆ ಗಿರಾಕಿ ಅರ್ಧ ದುಡ್ಡು ಬಾಕಿ ಇಟ್ಟಿದ್ದಾನೆ ಎಂದು ತನ್ನಷ್ಟಕ್ಕೆ ತಾನೇ ಅರ್ಥ ಮಾಡಿಕೊಂಡಿದ್ದಳು. ಕೇಳಿದ್ದರೆ ಮಾಮ ಹೇಳುತ್ತಿದ್ದನೋ ಇಲ್ಲವೋ. ಅವಳಂತೂ ಕೇಳಿರಲಿಲ್ಲ.

ಇಪ್ಪತ್ತೆಂಟು ಸುತ್ತು, ಎರಡೆಳೆ, ಇಪ್ಪತ್ತು ನಂಬರಿನ ತಂತಿ. ಎರಡು ದಿನದ ಹಿಂದೆ ಇಂಥದೇ ಅಳತೆಯ ಮೋಟಾರಿಗೆಂದು ಅದೇ ಲೆಕ್ಕವನ್ನು ಅವಳು ಲಿಂಗಸುಗೂರಿನ ವಾಸಿಂನಿಗೆ ಕೊಟ್ಟಿದ್ದಳು.

ವಾಟ್ಸಾಪಿನಲ್ಲಿ 'ಮೋಟಾರ್ ಮಂದಿ' ಎಂಬ ಗುಂಪಿತ್ತು. ಜಿಲ್ಲೆಯ ನೂರಾ ಎಂಬತ್ತು ವೈಂಡಿಂಗ್ ಕೆಲಸದವರು ಅದರಲ್ಲಿದ್ದರು. ಅಂಗಡಿಯ ಫೋನು ಸುಕನ್ಯಾಳ ಕೈಯಲ್ಲಿರುತ್ತಿದ್ದುದರಿಂದ, ಅಂಬಪ್ಪನ ಹೆಸರಿನಲ್ಲಿ ಅವಳೇ ಬರೆಯುತ್ತಿದ್ದಳು. ಅಂಬಪ್ಪನಿಗೆ ಆ ಗುಂಪು ಇರುವುದೇ ಗೊತ್ತಿರಲಿಲ್ಲ. ಯಾರಾದರೂ ಕಾಯಿಲ್ ಹರಿದುಹೋದ ಮೋಟಾರಿನ ಪಟ ಹಾಕಿ 'ಎಷ್ಟು ಸುತ್ತು?' ಎಂದು ಕೇಳಿದರೆ, ಅವಳ ಬೆರಳು ತಡೆಯುತ್ತಿರಲಿಲ್ಲ. ನಾಲ್ಕು ನಿಮಿಷದಲ್ಲಿ ಉತ್ತರ. ಆಮೇಲೆ ಒಂದರ ಹಿಂದೊಂದು ಹೆಬ್ಬೆರಳಿನ ಗುರುತು, 'ಥ್ಯಾಂಕ್ಸ್ ಅಂಬಪ್ಪ ಸರ್'. ಮನೆಗೆ ಬಂದವರೆದುರು ನೀರಿನ ತಂಬಿಗೆ ಇಟ್ಟು ಓಡಿಹೋಗುವ ಹುಡುಗಿಗೆ, ಆ ಗುಂಪಿನಲ್ಲಿ ಮಾತ್ರ ಬಾಯಿ ಇತ್ತು.

ವಾಸಿಂ ಅಂಗಡಿ ಇಟ್ಟು ಆರು ತಿಂಗಳಾಗಿತ್ತು. ಮಸ್ಕಿಯಿಂದ ಆರು ಕಿಲೋಮೀಟರ್ ದೂರದ ಒಂದು ಹಳ್ಳಿಯ ಕುಡಿಯುವ ನೀರಿನ ಮೋಟಾರು ಅವನಿಗೆ ಸಿಕ್ಕಿತ್ತು. ಅವನ ಮೊದಲ ಪಂಚಾಯ್ತಿ ಕೆಲಸ. 'ಹೊಸ ಟಿಸಿ, ನೀರಿಗಂತನ ಬೇರೆ ಲೈನ್ ಸರ್' ಎಂದು ಹೆಮ್ಮೆಯಿಂದ ಬರೆದಿದ್ದ. ಆಗ ಅವಳು ಆ ಮಾತನ್ನು ಓದಿ ಮುಂದೆ ಹೋಗಿದ್ದಳು.

ಈಗ ಫೋನ್ ತೆಗೆದಳು. ಮುಂಜಾನೆ ವಾಸಿಂ ಹಾಕಿದ ಪಟ ಮೇಲೆಯೇ ಇತ್ತು. ವಾರ್ನಿಷ್ ಒಣಗಿ ಮಿರಿಮಿರಿ ಮಿಂಚುವ ಕಾಯಿಲ್. 'ಅಂಬಪ್ಪ ಸರ್ ಲೆಕ್ಕ. ಮೂರು ಗಂಟೆಗೆ ಚಾಲೂ. ದುವಾ ಮಾಡ್ರಿ ಎಲ್ಲಾರು.'

ಗಂಟೆ ಎರಡೂ ಇಪ್ಪತ್ತು ಆಗಿತ್ತು.

'ವಾಸಿಂ, ಮೋಟಾರು ಚಾಲೂ ಮಾಡಬೇಡಿ. ನಾನು ಕೊಟ್ಟ ಲೆಕ್ಕ ತಪ್ಪು. ಅದು ಕಡಿಮೆ ಕರೆಂಟಿನದು.' ಬರೆದು ಒತ್ತುವ ಮೊದಲು ಮಾಮನ ಕಡೆ ನೋಡಿದಳು. ಈ ಮಾತು ಹೋದರೆ ಅಂಬಪ್ಪನ ಹೆಸರಿನಲ್ಲಿ ತಪ್ಪು ಒಪ್ಪಿಕೊಂಡಂತೆ. ನಾಳೆ ಯಾರಾದರೂ ಬಜಾರಿನಲ್ಲಿ ಮಾಮನನ್ನು ಕೇಳಿಯೇ ಕೇಳುತ್ತಾರೆ. ಅಂಗಡಿಯಲ್ಲಿ ಅವಳಿಗೆ ಅದೇ ಕೊನೆಯ ದಿನ. ಈ ಚಾಪೆ, ಈ ಅಚ್ಚು ಬಿಟ್ಟರೆ ಅವಳಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಬೇರೆಯದು ಬೇಕಾಗಿಯೂ ಇರಲಿಲ್ಲ.

ಒತ್ತಿದಳು.

ಗುಂಪಿನಲ್ಲಿ ಯಾರೋ 'ಯಾಕ ಸರ್, ಏನಾತು?' ಎಂದು ಕೇಳಿದರು. ಇನ್ನೊಬ್ಬರು ಓದದೆಯೇ ಹೆಬ್ಬೆರಳು ಒತ್ತಿದರು. ವಾಸಿಂ ಮಾತ್ರ ನೋಡಲೇ ಇಲ್ಲ. ಅವನಿಗೆ ಫೋನ್ ಹಚ್ಚಿದಳು. ಸಂಪರ್ಕಕ್ಕೆ ಸಿಗುತ್ತಿಲ್ಲ ಎಂಬ ಹೆಣ್ಣುದನಿ. ಮತ್ತೆ ಹಚ್ಚಿದಳು. ಅದೇ ದನಿ.

ಅಷ್ಟರಲ್ಲಿ ಲಿಂಗಸುಗೂರಿನ ವೀರೇಂದ್ರ ಬರೆದ: 'ವಾಸಿಂ ಅಂಗಡಿ ಬಾಜುಕನ ಅದೀನಿ ಸರ್. ಬಾಗಿಲ ಹಾಕ್ಯಾನ. ಹಳ್ಳಿಗೆ ಹೋಗ್ಯಾನ. ಆ ಬಾವಿ ಹಳ್ಳದ ತೆಗ್ಗಿನಾಗ ಐತಂತ, ಅಲ್ಲಿ ಟವರ್ ಸಿಗಂಗಿಲ್ಲ. ಮಸ್ಕ್ಯಾಗ ಪೀರ್‌ಸಾಬ್ ಚಾಚಾ ಅದಾರಲ್ಲ, ಅವರಿಗೆ ಹಚ್ಚಿ ನೋಡ್ರಿ.'

ಪೀರ್‌ಸಾಬ್! ಆ ಹಳ್ಳಿಯ ಮೋಟಾರನ್ನು ಹನ್ನೆರಡು ವರ್ಷ ನೋಡಿಕೊಂಡವನು ಪೀರ್‌ಸಾಬನೇ. ಈ ಸಲ ಪಂಚಾಯ್ತಿಯವರು ಕೆಲಸವನ್ನು ವಾಸಿಂನಿಗೆ ಕೊಟ್ಟಿದ್ದರು. ಹೋದ ವಾರ ಗುಂಪಿನಲ್ಲಿ ಇಬ್ಬರಿಗೂ ಜಗಳವಾಗಿ, 'ನಿನ್ನೆ ಮೊನ್ನೆ ಹುಟ್ಟಿದವ' ಎಂದು ಪೀರ್‌ಸಾಬ್, 'ಮುದುಕರು ಮನ್ಯಾಗಿರಬೇಕು' ಎಂದು ವಾಸಿಂ ಬರೆದದ್ದನ್ನು ಎಲ್ಲರೂ ಓದಿದ್ದರು.

ಅವಳು ಅಂಗಡಿಯ ಹಿಂದಕ್ಕೆ, ಹಳೆಯ ಮೋಟಾರಿನ ಕವಚಗಳನ್ನು ಪೇರಿಸಿಟ್ಟ ಜಾಗಕ್ಕೆ ಹೋದಳು. ಗುರುತಿಲ್ಲದವರಿಗೆ ಫೋನ್ ಮಾಡಿ ಮಾತಾಡುವುದು ಇದೇ ಮೊದಲು.

"ಏನಪಾ ಅಂಬಪ್ಪ, ಇವತ್ತ ದಾರಿ ತಪ್ಪಿ ಫೋನ್ ಮಾಡೀದಿ?" ಆ ಕಡೆಯಿಂದ ಒರಟು ದನಿ. ಅವಳು ಫೋನನ್ನು ಇನ್ನೊಂದು ಕಿವಿಗೆ ಹಿಡಿದಳು. "ಹಲೋ? ಬಾಯಾಗ ಎಲಿಅಡಿಕಿ ಐತೇನು?"

"ನಾನು... ಅವರಲ್ಲರೀ."

"ಮತ್ಯಾರವ್ವ ನೀ?"

"ಅವರ ಸೊಸಿ ರೀ. ಅಕ್ಕನ ಮಗಳು. ಗ್ರೂಪಿನಾಗ ಬರಿಯಾಕಿ ನಾನಾ ರೀ."

"ಹೋದ ತಿಂಗಳ ನನ್ನ ಲೆಕ್ಕ ತಿದ್ದಿದಾಕಿ?"

"ಹೂಂ ರೀ."

"ಅರೇ! ಅಂಬಪ್ಪಗ ಈ ವಯಸ್ಸಿನಾಗ ಬುದ್ಧಿ ಹೆಂಗ ಬಂತಪಾ ಅಂತ ನಾ ಚಿಂತಿ ಮಾಡಾಕತ್ತಿದ್ದೆ."

ಅವಳು ನಗಲಿಲ್ಲ. ಉಸಿರು ಬಿಡದೆ ಎಲ್ಲವನ್ನೂ ಹೇಳಿದಳು: ಚುಕ್ಕಿ, ಇಪ್ಪತ್ತೆಂಟು ಸುತ್ತು, ಹೊಸ ಟಿಸಿ, ಮೂರು ಗಂಟೆ. "ನೀವು ಹೋಗಿ ಒಂದ್ ಮಾತು ಹೇಳಿದ್ರ ಸಾಕ್ರೀ ಚಾಚಾ. ಚಾಲೂ ಮಾಡಬ್ಯಾಡ ಅಂತ."

"ಬೇಟಿ, ಆ ಮೋಟಾರು ನಾ ಹನ್ನೆರಡು ವರ್ಷ ಕಟ್ಟೀನಿ. ಗೊತ್ತೈತಿಲ್ಲೋ?"

"ಗೊತ್ತೈತ್ರೀ."

"ಅದು ಇವತ್ತ ಸುಟ್ರ ನಾಳಿ ಮುಂಜಾನಿ ಪಂಚಾಯ್ತಿಯವರು ನನ್ನ ಬಾಗಲಿಗೆ ಬರ್ತಾರ. ಅದೂ ಗೊತ್ತೈತಿಲ್ಲೋ? ಹಂಗಾರ ನೀನಾ ಹೇಳು. ನಾ ಯಾಕ ಹೋಗ್ಲಿ?"

ಗುಂಪಿನಲ್ಲಾದರೆ ಬರೆದು, ಅಳಿಸಿ, ಮತ್ತೆ ಬರೆಯಬಹುದಿತ್ತು. ಇಲ್ಲಿ ಆ ಕಡೆ ಒಬ್ಬ ಮನುಷ್ಯ ಉಸಿರಾಡುತ್ತ ಕಾದಿದ್ದ.

"ತಪ್ಪು ನಂದು ರೀ. ಅವನದಲ್ಲ. ಅವ ನನ್ನ ಮಾತು ನಂಬಿದ."

"ನಾ ಕೇಳಿದ್ದಕ್ಕ ಇದು ಉತ್ತರ ಆಗಲಿಲ್ಲ," ಅಂದ ಪೀರ್‌ಸಾಬ್. ಫೋನ್ ಕಟ್ಟಾಯಿತು.

ಅವಳು ತಿರುಗಿದಾಗ ಬಾಗಿಲಲ್ಲಿ ಅಂಬಪ್ಪ ನಿಂತಿದ್ದ. ಎಷ್ಟು ಹೊತ್ತಿನಿಂದಲೋ. ಕನಕರಾಯ ಹೋಗಿಯಾಗಿತ್ತು.

"ಯಾರ ಸಂಗಾಟ ಮಾತು?"

ಸುಳ್ಳು ಹೇಳಲು ಅವಳಿಗೆ ಹೊತ್ತಿರಲಿಲ್ಲ, ಮನಸ್ಸೂ ಇರಲಿಲ್ಲ. ಹೇಳಿದಳು. ಅಂಬಪ್ಪನ ಮುಖ ಮೊದಲು ಕೆಂಪಾಯಿತು, ಆಮೇಲೆ ಬಣ್ಣವೇ ಇಳಿಯಿತು.

"ನನ್ನ ಪುಸ್ತಕ ಮಂದಿಗೆ ಹಂಚೀದಿ?"

"ಪುಸ್ತಕ ಮುಟ್ಟಿಲ್ಲ ಮಾಮ. ನೆನಪಿದ್ದಷ್ಟು."

"ಎಷ್ಟು ದಿನದಿಂದ?"

"ಒಂದ್ ವರ್ಷ ಆತು."

"ಏನ್ ಕೊಡ್ತಾರ ಅವರು ನಿನಗ?"

"ಏನೂ ಇಲ್ಲ."

"ಏನೂ ಇಲ್ಲದಕ ಕೊಟ್ಟಿ!" ಅಂಬಪ್ಪ ಗೋಡೆಗೆ ಕೈ ಬಡಿದ. "ಇದನ್ನ ಕಲಿಯಾಕ ನಾ ರಾಯಚೂರಾಗ ನಾಲ್ಕು ವರ್ಷ ಮಂದಿ ಅಂಗಡಿ ಕಸಾ ಹೊಡದೀನಿ. ಉಸ್ತಾದ ತಂತಿ ಎಣಿಸುವಾಗ ನನ್ನ ಹೊರಗ ಕಳಿಸ್ತಿದ್ದ. ಕಿಟಕ್ಯಾಗ ನಿಂತು ನೋಡಿ ಕಲ್ತೀನಿ. ನೀ ಹುಚ್ಚಿ ಅದಿಯೇನು? ಸುಡ್ಲಿ ಬಿಡು ಅದು. ಫೋನ್ ಇಲ್ಲಿ ಕೊಡು."

ಸುಕನ್ಯಾ ಫೋನನ್ನು ಎದೆಗೆ ಒತ್ತಿ ಹಿಡಿದಳು. ಜೀವಮಾನದಲ್ಲಿ ಮಾಮನ ಎದುರು ಅವಳು ಹೀಗೆ ನಿಂತಿದ್ದಿಲ್ಲ.

"ನಿನಗ ಕಾಮಾಲಿ ಆಗಿ ಮಲಗಿದ್ದಾಗ ಗೊರೇಬಾಳದ ಮೋಟಾರು ಬಂದಿತ್ತಲ್ಲ ಮಾಮ."

"ಅದಕ್ಕೇನೀಗ? ಇವತ್ತಿಗೂ ಗಡಿಯಾರ ಇದ್ದಂಗ ಓಡಾಕತ್ತೈತಿ."

"ಎಣಿಸೋಕಿಂತ ಮೊದಲ ನಾ ಕಾಯಿಲ್ ಕತ್ತರಿಸಿಬಿಟ್ಟಿದ್ದೆ. ಪುಸ್ತಕದಾಗ ಆ ಮೋಟಾರು ಇರಲಿಲ್ಲ. ನೀ ಎಚ್ಚರಿಲ್ಲದ ಮಲಗಿದ್ದಿ. ಅಳಕೋತ ಗ್ರೂಪಿನಾಗ ಕೇಳಿದೆ. ಹತ್ತು ನಿಮಿಷದಾಗ ಲೆಕ್ಕ ಬಂತು, ಪಟದ ಸಮೇತ. ಕೊಟ್ಟಾವ ವಾಸಿಂ."

ಗೊರೇಬಾಳದ ಆ ಮೋಟಾರನ್ನು ಅಂಬಪ್ಪ ತಿಂಗಳುಗಟ್ಟಲೆ ಬಜಾರಿನಲ್ಲಿ ಹೊಗಳಿಕೊಂಡಿದ್ದ. 'ನಾ ಮಲಗಿದ್ರೂ ನನ್ನ ಪುಸ್ತಕ ಕೆಲಸ ಮಾಡ್ತದ' ಅನ್ನುತ್ತಿದ್ದ. ಈಗ ಅವನ ಕೈ ಗೋಡೆಯ ಮೇಲೆಯೇ ಉಳಿಯಿತು. ಒಳಗೆ ಹೋಗಿ ಕನಕರಾಯನ ಮೋಟಾರಿನ ಬೋಲ್ಟು ಬಿಚ್ಚತೊಡಗಿದ.

ಮೂರು ಹೊಡೆಯಿತು. ವಾಸಿಂನ ಫೋನು ಹತ್ತಲಿಲ್ಲ. ಪೀರ್‌ಸಾಬನದೂ ಎತ್ತುವವರಿಲ್ಲದೆ ಬಡಿದುಕೊಂಡು ನಿಂತಿತು. ಸುಕನ್ಯಾ ಚಾಪೆಯ ಮೇಲೆ ಕೂತಳು, ಎದ್ದಳು, ಮತ್ತೆ ಕೂತಳು. ಹೊರಗೆ ಮಸ್ಕಿ ದಾರಿಯ ಬಸ್ಸೊಂದು ಹೋಯಿತು. ಹತ್ತಿ ಹೋದರೂ ತಲುಪುವುದರೊಳಗೆ ಎಲ್ಲಾ ಮುಗಿದಿರುತ್ತದೆ. ಕಣ್ಣು ಮುಚ್ಚಿದರೆ ಅವಳು ಎಂದೂ ನೋಡದ ಆ ಬಾವಿ, ಗುಂಯ್ ಎನ್ನುವ ಮೋಟಾರು, ಒಳಗೆ ಒಂದೊಂದೇ ಸುತ್ತು ಬಿಸಿಯಾಗಿ ಕಪ್ಪಾಗುವ ತಾಮ್ರ. ಮೂರೂ ಹತ್ತು. ಅಂಬಪ್ಪನ ಪಾನಾ ಬೋಲ್ಟಿನ ಮೇಲಿಂದ ಜಾರಿ ಕೆಳಗೆ ಬಿತ್ತು; ಎತ್ತಿಕೊಂಡ. ಮೂರೂ ಇಪ್ಪತ್ತು. ಗುಂಪಿನಲ್ಲಿ ಮೂವತ್ತು ಮಂದಿ ಕೇಳುತ್ತಿದ್ದರು, 'ಏನಾತ್ರಿ? ಸಿಕ್ಕನೇನು?'

ಮೂರೂ ನಲವತ್ತಕ್ಕೆ ಫೋನು ಬಡಿದುಕೊಂಡಿತು. ಪೀರ್‌ಸಾಬ್. ಏದುಸಿರು.

"ಹಲೋ ಬೇಟಿ. ಟವರ್ ಸಿಗ್ಲಿ ಅಂತ ರಸ್ತಾ ತನಕ ಏರಿ ಬಂದೀನಿ. ಚಾಲೂ ಮಾಡಿಬಿಟ್ಟಿದ್ರು. ಸ್ಟಾರ್ಟರ್ ತಾನಾಗೇ ಕರೆಂಟು ಕಡದು ಮೂರು ಸಲ ಬಿದ್ದೈತಿ. ಬಿದ್ರ ಸುಮ್ನ ಕುಂದರಬೇಕಿಲ್ಲೋ? ನೀರು ಬಿಡಾವ ಬೇವಿನ ಕಡ್ಡಿ ಮುರದು ಬಟನಿಗೆ ಸಿಗಿಸ್ಯಾನ, ಬೀಳಬಾರದಂತ! ಈ ಹುಡುಗ ಮ್ಯಾಲೆ ಟ್ಯಾಂಕ್ ಹತ್ರ ನೀರು ಬಂತು ಅಂತ ಕುಣಿಯಾಕತ್ತಿದ್ದ."

"ಸುಟ್ಟೈತೇನ್ರೀ?" ಅವಳು ಎದ್ದು ನಿಂತಳು.

"ಕೈ ಇಟ್ರ ಚರ್ಮ ಕೀಳ್ತದ. ಕಡ್ಡಿ ಕಿತ್ತು ಬಂದ್ ಮಾಡೀನಿ. ಕಾಯಿಲ್ ಕಂದಾಗೈತಿ, ಕರಕಾಗಿಲ್ಲ. ಬಾಡಿ ಉಳೀತು. ಆದ್ರ ಬಿಚ್ಚಿ ಮತ್ತ ಕಟ್ಟಬೇಕು."

ಸುಕನ್ಯಾ ಗೋಡೆಗೆ ಒರಗಿದಳು. "ನೀವು ಹೋಗಂಗಿಲ್ಲ ಅಂದಿದ್ರಿ ಚಾಚಾ."

"ಎಲ್ಲಿ ಅಂದೆ? ಯಾಕ ಹೋಗ್ಲಿ ಅಂತ ಕೇಳಿದೆ. ನೀ ಹೇಳಲಿಲ್ಲ. ದಾರಿತುಂಬ ನಾನಾ ವಿಚಾರ ಮಾಡಿದೆ. ನಾಳಿ ನಾ ಯಾವುದಾರ ಮೋಟಾರಿಗೆ ಸಿಗಬಿದ್ದು ಗ್ರೂಪಿನಾಗ ಕೇಳಿದಾಗ ಯಾರರ ಖರೇ ಹೇಳಬೇಕಲ್ಲವ್ವ. ತಗೋ, ಈ ಹೀರೋನ ಸಂಗಾಟ ಮಾತಾಡು."

ವಾಸಿಂನ ದನಿ ಅವಳು ಅಂದುಕೊಂಡದ್ದಕ್ಕಿಂತ ಎಳೆಯದಾಗಿತ್ತು. ಸಿಟ್ಟಿನಿಂದ ನಡುಗುತ್ತಿತ್ತು. "ಊರ ಮಂದಿಯೆಲ್ಲ ಕೊಡ ಹಿಡಕೊಂಡು ನಿಂತಾರ್ರೀ. ಮೆಂಬರು ಬೈದು ಹೋದ. ನಾಳಿ ಸಂಜಿಕ ನೀರು ಬರಲಿಲ್ಲಂದ್ರ ಮತ್ತ ಈ ಕಡೆ ಬರಬ್ಯಾಡ ಅಂದಾನ. ನಿಮ್ಮನ್ನ ಸರ್ ಸರ್ ಅಂತ ಕರದೆ ನಾ."

"ತಪ್ಪಾತ್ರಿ."

"ಇನ್ನ ನಿಮ್ಮ ಲೆಕ್ಕ ನಾ ಹೆಂಗ ನಂಬಲಿ?" ದನಿ ತಗ್ಗಿಸಿ ಅಂದ, "ಆದ್ರೂ ಕೇಳಾಕತ್ತೀನಿ. ನನಗ ಬ್ಯಾರೆ ದಾರಿಲ್ಲ. ಪೂರಾ ಕರೆಂಟಿಗೆ ಎಷ್ಟು ಸುತ್ತು?"

ಅವಳು ಅಂಬಪ್ಪನ ಕಡೆ ನೋಡಿದಳು. ಅವನು ಬೆನ್ನು ತಿರುಗಿಸಿ ಬೋಲ್ಟು ಬಿಚ್ಚುತ್ತಲೇ ಇದ್ದ. ಪುಸ್ತಕ ಅವನ ತೊಡೆಯ ಪಕ್ಕದಲ್ಲಿತ್ತು, ಮುಚ್ಚಿತ್ತು. ಅವಳು ಕಣ್ಣು ಮುಚ್ಚಿ ತನ್ನೊಳಗಿನ ಪುಸ್ತಕದ ಹಾಳೆ ತಿರುವಿದಳು. ಅದೇ ಕಂಪನಿಯ, ಅದೇ ಅಳತೆಯ ಇನ್ನೊಂದು ಮೋಟಾರು, ಬಳಗಾನೂರಿನದು, ಅವಳು ಅಂಗಡಿಗೆ ಬರುವ ಮೊದಲೇ ಕಟ್ಟಿದ್ದು. ಅದಕ್ಕೆ ಚುಕ್ಕಿ ಇರಲಿಲ್ಲ, ತಂತಿಯ ನಂಬರೂ ಬರೆದಿರಲಿಲ್ಲ. ಮೂವತ್ತೆರಡು ಸುತ್ತು. ಚುಕ್ಕಿ ಇದ್ದದ್ದು ಇಪ್ಪತ್ತೆಂಟು. ಮತ್ತೊಂದು ಜೋಡಿ: ನಲವತ್ತೆಂಟು, ಚುಕ್ಕಿಯದು ನಲವತ್ತೆರಡು. ಪ್ರತಿ ಏಳು ಸುತ್ತಿಗೆ ಒಂದು ಹೆಚ್ಚು. ಇಷ್ಟೇ ಆಗಿತ್ತು ಮಾಮನ ಗುಟ್ಟು.

"ಮೂವತ್ತೆರಡು," ಅಂದಳು, ಅಂಬಪ್ಪನಿಗೆ ಕೇಳುವಷ್ಟು ಜೋರಾಗಿ. ಅವನ ಪಾನಾ ನಿಂತಿತು. ಅವನು ತಿರುಗಲಿಲ್ಲ, ಅಲ್ಲ ಅನ್ನಲೂ ಇಲ್ಲ.

"ಮೂವತ್ತೆರಡು. ಖರೇನ ಹೌದಲ್ರೀ? ತಂತಿ?"

"ತಂತಿ ಅದಾ ರೀ. ಇಪ್ಪತ್ತು ನಂಬರ್, ಎರಡೆಳೆ..."

"ಲೇ!"

ಅಂಬಪ್ಪ ಕೂತಲ್ಲಿಂದ ಎದ್ದುಬಿಟ್ಟಿದ್ದ. "ಇಪ್ಪತ್ತು ನಂಬರಿಂದು ಮೂವತ್ತೆರಡು ಸುತ್ತು ಆ ಸ್ಲಾಟಿನ ಸಂದಿನಾಗ ಹಿಡೀತದೇನು? ಬಡಿಗಿ ತಗೊಂಡು ಬಡದು ತುರಕಬೇಕು ಅವ. ಬಡದ್ರ ತಂತಿ ಮೈ ಕೆತ್ತಿ ಮತ್ತ ಸುಡ್ತದ. ಸುತ್ತು ಹೆಚ್ಚಾದ್ರ ತಂತಿ ಸಣ್ಣದಾಗಬೇಕಿಲ್ಲೋ? ನಂಬರ್ ಏರಿದ್ರ ತಂತಿ ಸಣ್ಣ. ಇಪ್ಪತ್ತೊಂದು ಹೇಳು. ಇಪ್ಪತ್ತೊಂದು!"

"ಇಪ್ಪತ್ತೊಂದು ಅಂತ್ರೀ," ಅಂದಳು ಸುಕನ್ಯಾ.

"ಯಾರದು ಅಲ್ಲಿ ಒದರಾಕತ್ತಾರ?" ಎಂದು ವಾಸಿಂ ಕೇಳುವಷ್ಟರಲ್ಲಿ ಅಂಬಪ್ಪ ಫೋನ್ ಕಿತ್ತುಕೊಂಡಿದ್ದ. "ನಾ ಲೇ, ಅಂಬಪ್ಪ. ಖರೇ ಅಂಬಪ್ಪ. ವಾರ್ನಿಷ್ ಹೆಂಗ ಹೊಡದೀದಿ? ಎಷ್ಟು ತಾಸು ಒಣಗಿಸಿದಿ? ... ಬರೇ ಬಿಸಿಲಿಗಾ? ಬಲ್ಬ್ ಹಚ್ಚಿ ಇಡಬೇಕೋ ಮಾರಾಯ! ಪೀರ್‌ಸಾಬ್ ಬಾಜುಕ ನಿಂತಾನೇನು? ಅವಗ ಕೊಡು." ಆಮೇಲೆ ಹತ್ತು ನಿಮಿಷ ಆ ಇಬ್ಬರು ಹಳಬರು ಒಬ್ಬರನ್ನೊಬ್ಬರು ಬೈಯುತ್ತ, ತಿದ್ದುತ್ತ ಮಾತಾಡಿದರು. ಸುಕನ್ಯಾ ನಿಂತಲ್ಲಿಯೇ ನಿಂತಿದ್ದಳು.

ಮರುದಿನ ಸಂಜೆ ಐದಕ್ಕೆ ಗುಂಪಿನಲ್ಲಿ ಒಂದು ವಿಡಿಯೋ ಬಂತು. ನಳದಿಂದ ಬೀಳುವ ನೀರು, ಕೊಡಗಳ ಸಾಲು. ವಾಸಿಂ ಒಂದಕ್ಷರವನ್ನೂ ಬರೆದಿರಲಿಲ್ಲ.

ಅಂಬಪ್ಪ ಅದನ್ನು ಎರಡು ಸಲ ನೋಡಿದ. ನಿನ್ನೆಯಿಂದ ಅವನು ಸುಕನ್ಯಾಳ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಿರಲಿಲ್ಲ. ನಾಳೆಯಿಂದ ಬರಬೇಡ ಎಂಬ ಮಾತಿಗಾಗಿ ಅವಳು ಗಳಿಗೆ ಗಳಿಗೆಗೂ ಕಾದಿದ್ದಳು.

"ಎಷ್ಟು ಮಂದಿ ಅದಾರ ಇದರಾಗ?"

"ನೂರಾ ಎಂಬತ್ತು, ಮಾಮ."

"ಎಲ್ಲಾರೂ ನನ್ನ ಹೆಸರು ಹೇಳ್ತಾರೇನು?"

"ಅಂಬಪ್ಪ ಸರ್ ಅಂತಾರ."

ಅಂಬಪ್ಪ ಫೋನನ್ನು ಅವಳ ಚಾಪೆಯ ಮೇಲೆ ಇಟ್ಟ. "ತಗದುಹಾಕು ನನ್ನ ಹೆಸರು. ತಪ್ಪು ನೀ ಮಾಡಿ, ಉಗಿಸ್ಕೊಳ್ಳೋದು ನಾ ಏನು? ನಿನ್ನ ಹೆಸರು ಹಾಕ್ಕೊ. ಇನ್ನ ಮ್ಯಾಲೆ ಏನ್ ಬರದ್ರೂ ನೀನಾ ಜವಾಬ್ದಾರಿ." ಅಷ್ಟು ಹೇಳಿ ಚಹಾ ಕುಡಿಯಲು ಹೊರಟುಹೋದ. ಕಪ್ಪು ರಟ್ಟಿನ ಪುಸ್ತಕ ಕೆಲಸದ ಮೇಜಿನ ಮೇಲೆಯೇ ಉಳಿದಿತ್ತು. ಮರೆತು ಹೋದನೋ, ಬೇಕೆಂದೇ ಬಿಟ್ಟನೋ, ಸುಕನ್ಯಾಗೆ ತಿಳಿಯಲಿಲ್ಲ.

ಹೆಸರು ಬದಲಿಸಲು ಅವಳಿಗೆ ಬಹಳ ಹೊತ್ತು ಹಿಡಿಯಿತು. 'ಸುಕನ್ಯಾ, ಸಿಂಧನೂರು' ಎಂದು ಬರೆದು, ಅಳಿಸಿ, ಮತ್ತೆ ಬರೆದಳು. ಅಷ್ಟರಲ್ಲಿ ಯಾರೋ ಹೊಸಬನೊಬ್ಬ ಕರಕಾದ ಮೋಟಾರಿನ ಪಟ ಹಾಕಿದ. 'ಅರ್ಜೆಂಟ್. ಎಷ್ಟು ಸುತ್ತು, ಯಾರರ ಹೇಳ್ರಿ.'

ಆ ಮೋಟಾರು ಅವಳಿಗೆ ಗೊತ್ತಿತ್ತು. ಲೆಕ್ಕ ಬೆರಳ ತುದಿಗೆ ಬಂದಿತ್ತು. ಅವಳು ಬೆರಳನ್ನು ತಡೆದಳು. ಆಮೇಲೆ ತನ್ನ ಹೆಸರಿನಲ್ಲಿ ಮೊದಲ ಮಾತು ಬರೆದಳು.

'ನಿಮ್ಮಲ್ಲಿ ಕರೆಂಟ್ ಎಷ್ಟು ಬರುತ್ತದೆ, ಮೊದಲು ಅಳೆದು ಹೇಳಿ.'